ತಂತ್ರಾಂಶದ ಪಾಕವಿಧಾನ: ಕೊರೆದಿಟ್ಟ ದಾರಿಯೋ, ಬದಲಾಯಿಸಬಲ್ಲ ಹೆಸರೋ?



ವ್ಯಾಕರಣದ ತರಗತಿಯಲ್ಲಿ ನೀವು ಅಂಕಿತನಾಮವನ್ನೂ ಸರ್ವನಾಮವನ್ನೂ ಕಲಿತಿದ್ದೀರಿ. 'ಗೆಟ್ಟವಾಡಿ' ಎಂಬುದು ಅಂಕಿತನಾಮ. ಯಾರು ಹೇಳಿದರೂ, ಎಲ್ಲಿ ನಿಂತು ಹೇಳಿದರೂ ಅದು ಈ ಒಂದು ಊರನ್ನೇ ಸೂಚಿಸುತ್ತದೆ. 'ನಮ್ಮ ಊರು' ಎಂಬ ಮಾತು ಹಾಗಲ್ಲ. ಅದನ್ನು ಗೆಟ್ಟವಾಡಿಯ ಹುಡುಗ ಹೇಳಿದರೆ ಒಂದು ಊರು, ಕಾಸರಗೋಡಿನ ಹುಡುಗಿ ಹೇಳಿದರೆ ಇನ್ನೊಂದು ಊರು. ಮಾತು ಒಂದೇ, ಅರ್ಥವು ಹೇಳುವವರಿಗೆ ತಕ್ಕಂತೆ ತುಂಬಿಕೊಳ್ಳುತ್ತದೆ. ಗಣಿತದಲ್ಲಿಯೂ ಇದೇ ಭೇದವುಂಟು. 5 ಎಂಬುದು ಸ್ಥಿರಾಂಕ. ಯಾವ ಬೆಲೆಯನ್ನಾದರೂ ಕೊಡಬಹುದಾದ ಅಕ್ಷರವು ಚರಾಕ್ಷರ.

ಗಣಕಯಂತ್ರಕ್ಕೆ ತಂತ್ರಾಂಶ ತಯಾರಿಸುವವರಿಗೂ ದಿನನಿತ್ಯ ಇದೇ ಪ್ರಶ್ನೆ ಎದುರಾಗುತ್ತದೆ. ಯಾವುದನ್ನು ಸ್ಥಿರವಾಗಿ ಬರೆಯಬೇಕು? ಯಾವುದಕ್ಕೆ ಒಂದು ಹೆಸರನ್ನು ಮಾತ್ರ ಕೊಟ್ಟು, ಬೆಲೆಯನ್ನು ಆಮೇಲೆ ತುಂಬಲು ಬಿಡಬೇಕು? ಇದು ಬರಿಯ ಯಂತ್ರದ ಪ್ರಶ್ನೆಯಲ್ಲ. ಗಡಿನಾಡಿನಲ್ಲಿ ಕನ್ನಡ ಓದುವ ನಮಗೆ ಇದರಲ್ಲಿ ವಿಶೇಷವಾದ ಪಾಠವೊಂದಿದೆ. ಅದನ್ನು ಹಂತಹಂತವಾಗಿ ನೋಡೋಣ.

1. ಪಾಕವಿಧಾನ ಎಂದರೇನು?

ತಂತ್ರಾಂಶವನ್ನು ಬರೆಯುವವರು ಮೊದಲು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆಯುತ್ತಾರೆ. ಇದಕ್ಕೆ ಮೂಲಪಠ್ಯ ಎನ್ನೋಣ. ಇದು ಅಕ್ಕಿ, ಬೇಳೆ, ರಾಗಿ ಹಿಟ್ಟು ಇದ್ದಂತೆ. ಹಾಗೆಯೇ ಬಡಿಸಲಾಗದು. ಇದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಬೇಕು, ಬಿಡಿಭಾಗಗಳನ್ನು ಜೋಡಿಸಬೇಕು, ಕೊನೆಗೆ ಸರಿಯಾದ ಜಾಗದಲ್ಲಿ ಇರಿಸಬೇಕು. ಈ ಕೆಲಸಗಳ ಕ್ರಮವನ್ನು ಬರೆದಿಟ್ಟ ಕಡತವೇ ತಯಾರಿಕೆಯ ಪಾಕವಿಧಾನ. ಇಂತಹ ಪಾಕವಿಧಾನಗಳನ್ನು ಓದಿ ನಡೆಸುವ 'ಮೇಕ್' ಎಂಬ ಸಾಧನವನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೂಅರ್ಟ್ ಫೆಲ್ಡ್‌ಮನ್ ಎಂಬವರು 1976ರಲ್ಲಿ ರಚಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಅದರ ನಂತರ ಇಂತಹ ಸಾಧನಗಳು ಹಲವು ಬಂದಿವೆ.

ಅಡುಗೆಯ ಪಾಕವಿಧಾನವನ್ನು ಒಬ್ಬ ತಾಯಿ ಹೀಗೆ ಬರೆದುಕೊಟ್ಟರೆಂದು ಭಾವಿಸಿರಿ: "ನಮ್ಮ ಅಟ್ಟದ ಎಡಮೂಲೆಯಲ್ಲಿರುವ ಹಿತ್ತಾಳೆಯ ಪಾತ್ರೆಯನ್ನು ತೆಗೆದುಕೋ. ನಮ್ಮ ಹಿತ್ತಿಲ ಬಾವಿಯಿಂದ ನೀರು ತಾ." ಆ ಮನೆಯಲ್ಲಿ ಈ ವಿಧಾನದಿಂದ ಮುದ್ದೆ ಚೆನ್ನಾಗಿಯೇ ಆಗುತ್ತದೆ. ಆದರೆ ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ? ಅಲ್ಲಿ ಅಟ್ಟವಿಲ್ಲ, ಬಾವಿಯಿಲ್ಲ. ವಿಧಾನದಲ್ಲಿ ಅಡುಗೆಯ ತಪ್ಪೇನೂ ಇಲ್ಲ. ಆದರೂ ಮುದ್ದೆ ಆಗದು. "ದಪ್ಪ ತಳದ ಒಂದು ಪಾತ್ರೆ ತೆಗೆದುಕೋ, ಇಷ್ಟು ನೀರು ಹಾಕು" ಎಂದು ಬರೆದಿದ್ದರೆ ಅದು ಎಲ್ಲ ಮನೆಗೂ ಒದಗುತ್ತಿತ್ತು.

2. ದಾರಿ ಎಂದರೇನು?

ಗಣಕಯಂತ್ರದಲ್ಲಿ ಕಡತಗಳನ್ನು ಫೋಲ್ಡರುಗಳಲ್ಲಿ ಇಡುತ್ತಾರೆ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಮತ್ತೊಂದು. ಹೊರಗಿನಿಂದ ಒಳಗಿನವರೆಗೆ ಇವುಗಳ ಹೆಸರುಗಳನ್ನು ಸಾಲಾಗಿ ಬರೆದರೆ ಅದೇ ಕಡತದ ದಾರಿ. ಇಂಗ್ಲಿಷಿನಲ್ಲಿ ಇದನ್ನು 'ಪಾತ್' ಎನ್ನುತ್ತಾರೆ. ಅಂಚೆಯ ವಿಳಾಸದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಊರು, ಬೀದಿ, ಮನೆ ಇರುವಂತೆಯೇ ಇದೂ ಇದೆ. ಒಂದು ಹೆಸರು ತಪ್ಪಿದರೂ ಕಡತ ಸಿಕ್ಕುವುದಿಲ್ಲ.

ಇದು ನಿಮಗೆ ಅಪರಿಚಿತವೇನಲ್ಲ. ಶಾಲೆಯ ಕಾರ್ಯಕ್ರಮಕ್ಕೆಂದು ಮನೆಯ ಗಣಕಯಂತ್ರದಲ್ಲಿ ಚಿತ್ರಪ್ರದರ್ಶನವೊಂದನ್ನು ಸಿದ್ಧಪಡಿಸಿ ಪೆನ್ ಡ್ರೈವಿನಲ್ಲಿ ತರುತ್ತೀರಿ. ಶಾಲೆಯ ಯಂತ್ರದಲ್ಲಿ ತೆರೆದರೆ ಬರಹವೆಲ್ಲ ಬರುತ್ತದೆ, ಚಲನಚಿತ್ರದ ತುಣುಕು ಮಾತ್ರ ಓಡುವುದಿಲ್ಲ. ತುಣುಕು ಪ್ರದರ್ಶನದೊಳಗೆ ಸೇರಿರದೆ, ಅದರ ದಾರಿ ಮಾತ್ರ ಅಲ್ಲಿ ಬರೆದಿರುವುದೇ ಇದಕ್ಕೆ ಎಷ್ಟೋ ಬಾರಿ ಕಾರಣ. ಆ ದಾರಿ ನಿಮ್ಮ ಮನೆಯ ಯಂತ್ರದ 'ಡಿ' ಡ್ರೈವಿನದು. ಶಾಲೆಯ ಯಂತ್ರವು ತನ್ನ 'ಡಿ' ಡ್ರೈವಿನಲ್ಲಿ ಹುಡುಕಿ ಕೈಚೆಲ್ಲುತ್ತದೆ.

ಹೀಗೆ ಒಂದು ಯಂತ್ರದ ದಾರಿಯನ್ನು ಶಾಸನದಂತೆ ಕೊರೆದು ಇಡುವುದಕ್ಕೆ 'ಹಾರ್ಡ್ ಕೋಡ್' ಮಾಡುವುದು ಎನ್ನುತ್ತಾರೆ. ನಾವು 'ಕೊರೆದಿಟ್ಟ ದಾರಿ' ಎನ್ನೋಣ.

3. ಒಂದು ಕನ್ನಡ ಉದಾಹರಣೆ

ಕನ್ನಡ ಅಕ್ಷರಗಳು ಪರದೆಯ ಮೇಲೆ ಮೂಡಬೇಕಾದರೆ ಫಾಂಟ್, ಅಂದರೆ ಅಕ್ಷರರೂಪಗಳ ಕಡತ, ಯಂತ್ರದಲ್ಲಿ ಇರಬೇಕು. 'ಗುಬ್ಬಿ', 'ನವಿಲು' ಎಂಬ ಮುಕ್ತ ಕನ್ನಡ ಫಾಂಟುಗಳು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಭಂಡಾರದಲ್ಲಿವೆ. ವಿಂಡೋಸಿನಲ್ಲಿ ಬಹಳ ಕಾಲ 'ತುಂಗಾ' ಎಂಬ ಕನ್ನಡ ಫಾಂಟ್ ಬಳಕೆಯಲ್ಲಿತ್ತು. ಆದರೆ ಫಾಂಟನ್ನು ಇರಿಸುವ ಜಾಗ ಎಲ್ಲ ಯಂತ್ರಗಳಲ್ಲಿ ಒಂದೇ ಅಲ್ಲ:

ವಿಂಡೋಸಿನಲ್ಲಿ – ಸಿ ಡ್ರೈವ್, ವಿಂಡೋಸ್, ಫಾಂಟ್ಸ್.
ಮ್ಯಾಕಿನಲ್ಲಿ – ಲೈಬ್ರರಿ, ಫಾಂಟ್ಸ್.
ಲಿನಕ್ಸಿನಲ್ಲಿ – ಯುಎಸ್‌ಆರ್, ಶೇರ್, ಫಾಂಟ್ಸ್. ನಾವೇ ತಯಾರಿಸಿ ಹಾಕಿದ್ದಾದರೆ ಯುಎಸ್‌ಆರ್, ಲೋಕಲ್, ಶೇರ್, ಫಾಂಟ್ಸ್.

ಈಗ ಕಮಲ ಎಂಬ ವಿದ್ಯಾರ್ಥಿನಿ ಒಂದು ಕನ್ನಡ ಫಾಂಟನ್ನು ರಚಿಸಿದಳು ಎಂದುಕೊಳ್ಳೋಣ. ಅವಳು ಬರೆದ ಪಾಕವಿಧಾನ ಹೀಗಿದೆ:

ಮೊದಲ ರೂಪ
(ಅ) /ಹೋಮ್/ಕಮಲ/ಮೂಲ ಎಂಬಲ್ಲಿಂದ ಮೂಲ ಕಡತವನ್ನು ತೆಗೆದುಕೋ.
(ಆ) ಅದರಿಂದ ಫಾಂಟ್ ಕಡತವನ್ನು ತಯಾರಿಸು.
(ಇ) ಅದನ್ನು /ಯುಎಸ್‌ಆರ್/ಲೋಕಲ್/ಶೇರ್/ಫಾಂಟ್ಸ್ ಎಂಬಲ್ಲಿ ಇರಿಸು.
(ಈ) ಪರವಾನಗಿ ಪತ್ರವನ್ನು /ಯುಎಸ್‌ಆರ್/ಲೋಕಲ್/ಶೇರ್/ಡಾಕ್ ಎಂಬಲ್ಲಿ ಇರಿಸು.

ಕಮಲಳ ಯಂತ್ರದಲ್ಲಿ ಇದು ನಿರಾಯಾಸವಾಗಿ ನಡೆಯುತ್ತದೆ. ಇದನ್ನು ಕಾಸರಗೋಡಿನ ಗೆಳತಿಗೆ ಕಳುಹಿಸಿದಳು. ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಳಸಿ ಪಾಠ ಮಾಡುತ್ತಾರೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಹೀಗಾಗಿ ವ್ಯವಸ್ಥೆ ಒಂದೇ. ಆದರೂ ಮೊದಲ ಸಾಲಿನಲ್ಲಿಯೇ ಕೆಲಸ ನಿಂತುಹೋಯಿತು. ಗೆಳತಿಯ ಯಂತ್ರದಲ್ಲಿ 'ಕಮಲ' ಎಂಬ ಫೋಲ್ಡರು ಎಲ್ಲಿಂದ ಬರಬೇಕು? ಅದೊಂದನ್ನು ತಿದ್ದಿದರೂ, ಶಾಲೆಯ ಯಂತ್ರದಲ್ಲಿ 'ಯುಎಸ್‌ಆರ್' ಫೋಲ್ಡರಿಗೆ ಬರೆಯುವ ಅಧಿಕಾರ ವಿದ್ಯಾರ್ಥಿಗಳಿಗೆ ಇರುವುದಿಲ್ಲ. ಅವಳು ತನ್ನ ಸ್ವಂತ ಫೋಲ್ಡರಿನಲ್ಲಿಯೇ ಇರಿಸಿಕೊಳ್ಳಬೇಕು. ಅದಕ್ಕೆ ಪಾಕವಿಧಾನದಲ್ಲಿ ಅವಕಾಶವೇ ಇಲ್ಲ.

ಕಮಲ ಅದನ್ನು ಹೀಗೆ ತಿದ್ದಿ ಬರೆದಳು:

ಎರಡನೆಯ ರೂಪ
ಮೂಲಸ್ಥಾನ = ಈ ಪಾಕವಿಧಾನ ಇರುವ ಫೋಲ್ಡರು
ನೆಲೆ = /ಯುಎಸ್‌ಆರ್/ಲೋಕಲ್ (ಬೇರೆ ಹೇಳದಿದ್ದರೆ)
(ಅ) (ಮೂಲಸ್ಥಾನ)/ಮೂಲ ಎಂಬಲ್ಲಿಂದ ಮೂಲ ಕಡತವನ್ನು ತೆಗೆದುಕೋ.
(ಆ) ಅದರಿಂದ ಫಾಂಟ್ ಕಡತವನ್ನು ತಯಾರಿಸು.
(ಇ) ಅದನ್ನು (ನೆಲೆ)/ಶೇರ್/ಫಾಂಟ್ಸ್ ಎಂಬಲ್ಲಿ ಇರಿಸು.
(ಈ) ಪರವಾನಗಿ ಪತ್ರವನ್ನು (ನೆಲೆ)/ಶೇರ್/ಡಾಕ್ ಎಂಬಲ್ಲಿ ಇರಿಸು.

ಇಲ್ಲಿ ಗಮನಿಸಬೇಕಾದ ಅಂಶಗಳು ನಾಲ್ಕು.

ಒಂದು: ಬದಲಾಗುವ ಸಂಗತಿಗಳೆಲ್ಲ ತಲೆಯ ಮೇಲೆ ಒಂದೇ ಕಡೆ ಬಂದಿವೆ. ಗೆಳತಿಯು ನೆಲೆ ಎಂಬ ಹೆಸರಿಗೆ ತನ್ನ ಫೋಲ್ಡರನ್ನು ತುಂಬಿದರೆ ಸಾಕು. ಉಳಿದ ಸಾಲುಗಳನ್ನು ಮುಟ್ಟುವ ಅಗತ್ಯವಿಲ್ಲ. ಕೊರೆದಿಟ್ಟ ದಾರಿ ನೂರು ಸಾಲುಗಳಲ್ಲಿ ಇದ್ದರೆ ನೂರನ್ನೂ ತಿದ್ದಬೇಕು. ತೊಂಬತ್ತೊಂಬತ್ತನ್ನು ತಿದ್ದಿ ಒಂದನ್ನು ಮರೆತರೆ, ತಪ್ಪು ಎಲ್ಲಿದೆ ಎಂದು ಹುಡುಕುವುದು ಬಲು ಕಷ್ಟ.

ಎರಡು: ಮೂಲಸ್ಥಾನಕ್ಕೆ ದಾರಿಯನ್ನೇ ಬರೆದಿಲ್ಲ. "ನಾನು ಇರುವ ಜಾಗದಿಂದ" ಎಂದಿದೆ. ಶಾಲೆಯಿಂದ ಎಡಕ್ಕೆ ಮೂರನೆಯ ಮನೆ ಎಂಬಂತೆ ಇದು ಸಾಪೇಕ್ಷ ದಾರಿ. ಇಡೀ ಫೋಲ್ಡರನ್ನು ಎಲ್ಲಿಗೆ ಎತ್ತಿಕೊಂಡು ಹೋದರೂ ಒಳಗಿನ ಸಂಬಂಧ ಕೆಡುವುದಿಲ್ಲ.

ಮೂರು: 'ಬೇರೆ ಹೇಳದಿದ್ದರೆ' ಎಂಬ ಮಾತು. ಏನೂ ತುಂಬದೆ ಬಿಟ್ಟವರಿಗೂ ಕೆಲಸ ನಡೆಯಬೇಕು. ಆದುದರಿಂದ ಬಹುಜನರಿಗೆ ಒಪ್ಪುವ ಒಂದು ಬೆಲೆಯನ್ನು ಮೊದಲೇ ಇಟ್ಟಿರಬೇಕು. ಚರ ಎಂದರೆ ಖಾಲಿ ಬಿಡುವುದು ಎಂದಲ್ಲ.

ನಾಲ್ಕು: ಕಮಲ 'ನೆಲೆ' ಎಂದು ಕರೆದುದನ್ನು ನಿಜವಾದ ಪಾಕವಿಧಾನಗಳಲ್ಲಿ 'ಪ್ರಿಫಿಕ್ಸ್' ಎನ್ನುತ್ತಾರೆ. ವ್ಯಾಕರಣದಲ್ಲಿ ಪ್ರಿಫಿಕ್ಸ್ ಎಂದರೆ ಉಪಸರ್ಗ. 'ಹಾರ' ಎಂಬುದರ ಮುಂದೆ ಆ, ವಿ, ಪ್ರ, ಸಂ ಸೇರಿದರೆ ಆಹಾರ, ವಿಹಾರ, ಪ್ರಹಾರ, ಸಂಹಾರ ಆಗುತ್ತವೆ. ಹಾಗೆಯೇ 'ಶೇರ್, ಫಾಂಟ್ಸ್' ಎಂಬ ಬಾಲ ಉಳಿದು, ಮುಂದಿನ ಉಪಸರ್ಗ ಮಾತ್ರ ಬದಲಾಗುತ್ತದೆ.

ಒಂದು ಸಂಗತಿಗೆ ಹೆಸರಿಟ್ಟು, ಅದರ ಅರ್ಥವನ್ನು ಒಂದೇ ಕಡೆ ಹೇಳಿ, ಮುಂದೆಲ್ಲ ಆ ಹೆಸರನ್ನೇ ಬಳಸುವ ಪದ್ಧತಿ ನಮ್ಮ ದೇಶದ ವಿದ್ಯೆಯಲ್ಲಿ ಬಹಳ ಹಳೆಯದು. ಪಾಣಿನಿಯು ತನ್ನ ವ್ಯಾಕರಣದಲ್ಲಿ ಅ, ಏ, ಓ ಎಂಬುವಕ್ಕೆ 'ಗುಣ' ಎಂದೂ ಆ, ಐ, ಔ ಎಂಬುವಕ್ಕೆ 'ವೃದ್ಧಿ' ಎಂದೂ ಸಂಜ್ಞೆಗಳನ್ನು ಮೊದಲೇ ಕೊಟ್ಟನು. ಮುಂದಿನ ಸೂತ್ರಗಳಲ್ಲಿ ಆ ಹೆಸರುಗಳನ್ನಷ್ಟೇ ಬಳಸಿದನು. ನೀವು ಕಲಿಯುವ ಗುಣಸಂಧಿ, ವೃದ್ಧಿಸಂಧಿ ಎಂಬ ಹೆಸರುಗಳು ಅಲ್ಲಿಂದಲೇ ಬಂದವು.

4. ನಮ್ಮ ವಿಳಾಸವೂ ಬದಲಾಗಿದೆ

"ನನ್ನ ಯಂತ್ರ ಬದಲಾಗದು, ನನ್ನ ದಾರಿಯೂ ಬದಲಾಗದು, ಕೊರೆದಿಟ್ಟರೆ ಏನು ನಷ್ಟ?" ಎಂದು ಕೇಳುವವರುಂಟು. ಅವರಿಗೆ ತಾಳವಾಡಿ ಸೀಮೆಯ ಚರಿತ್ರೆಯೇ ಉತ್ತರ ಹೇಳುತ್ತದೆ.

ಹಿಂದೆ ಈ ಪ್ರದೇಶವು ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದೇ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಪ್ರದೇಶ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. 1969ರಲ್ಲಿ ಮದ್ರಾಸ್ ರಾಜ್ಯಕ್ಕೆ ತಮಿಳುನಾಡು ಎಂದು ಹೆಸರಾಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆಯನ್ನು ವಿಭಜಿಸಿ ಪೆರಿಯಾರ್ ಜಿಲ್ಲೆಯನ್ನು ರಚಿಸಿದರು. 1990ರ ದಶಕದ ಉತ್ತರಾರ್ಧದಲ್ಲಿ ಅದೇ ಜಿಲ್ಲೆಗೆ ಈರೋಡ್ ಎಂಬ ಹೆಸರು ಬಂದಿತು. ಸತ್ಯಮಂಗಲ ತಾಲ್ಲೂಕಿನಲ್ಲಿದ್ದ ತಾಳವಾಡಿ 2016ರಲ್ಲಿ ತಾನೇ ಒಂದು ತಾಲ್ಲೂಕಾಯಿತು.

ಅತ್ತ ಕೊಳ್ಳೇಗಾಲದ ಕಥೆಯೂ ಹೀಗೆಯೇ. ಕೊಯಮತ್ತೂರಿನಿಂದ ಮೈಸೂರು ಜಿಲ್ಲೆಗೆ, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ. ನಡುವೆ 1973ರಲ್ಲಿ ಮೈಸೂರು ರಾಜ್ಯವೇ ಕರ್ನಾಟಕವಾಯಿತು.

ನಮ್ಮ ನೆರೆಯ ಗಾಜನೂರನ್ನೇ ತೆಗೆದುಕೊಳ್ಳಿರಿ. ವರನಟ ಡಾ. ರಾಜ್‌ಕುಮಾರ್ ಅವರು ಹುಟ್ಟಿದ್ದು ಅಲ್ಲಿ, 1929ರಲ್ಲಿ. 1975ರಲ್ಲಿ ಅವರ ಊರಿನ ವಿಳಾಸ ಬರೆದವನು ಕೊಯಮತ್ತೂರು ಜಿಲ್ಲೆ ಎಂದು ಬರೆದಿರಬೇಕು. 1985ರಲ್ಲಿ ಬರೆದವನು ಪೆರಿಯಾರ್ ಜಿಲ್ಲೆ ಎಂದು. ಇಂದು ಬರೆಯುವವನು ಈರೋಡ್ ಜಿಲ್ಲೆ ಎಂದು. ಮೂರೂ ಆಯಾ ಕಾಲಕ್ಕೆ ಸರಿಯೇ. ಊರು ಒಂದು ಗೇಣೂ ಅತ್ತಿತ್ತ ಸರಿಯಲಿಲ್ಲ. ಅದರ ದಾರಿ ಮಾತ್ರ ಬದಲಾಯಿತು.

ಈ ಬದಲಾವಣೆಗಳಾದಾಗ ಜನರಿಗೆ ಎಷ್ಟು ಕೆಲಸ ಬೀಳುತ್ತದೆ ಎಂಬುದನ್ನು ಹಿರಿಯರನ್ನು ಕೇಳಿ ತಿಳಿಯಿರಿ. ಹೊಲದ ಪತ್ರದಲ್ಲಿ ಒಂದು ಜಿಲ್ಲೆ, ಪಡಿತರ ಚೀಟಿಯಲ್ಲಿ ಇನ್ನೊಂದು, ಹಳೆಯ ಶಾಲಾ ವರ್ಗಾವಣೆ ಪತ್ರದಲ್ಲಿ ಮತ್ತೊಂದು ಇರಬಹುದು. ವಿಳಾಸವನ್ನು ನೂರು ಕಡೆ ಬರೆದಿಟ್ಟ ಮೇಲೆ, ಅದು ಬದಲಾದಾಗ ನೂರು ಕಡೆಯೂ ತಿದ್ದಬೇಕು. ತಂತ್ರಾಂಶ ಬರೆಯುವವರ ಪಾಡೂ ಇಷ್ಟೇ.

5. ಲೋಕದ ಎರಡು ಪ್ರಸಂಗಗಳು

ಮೊದಲನೆಯದು ಭಾಷೆಗೆ ಸಂಬಂಧಿಸಿದ್ದು. ವಿಂಡೋಸಿನಲ್ಲಿ ತಂತ್ರಾಂಶಗಳನ್ನು ಇರಿಸುವ ಫೋಲ್ಡರಿಗೆ ಇಂಗ್ಲಿಷಿನಲ್ಲಿ 'ಪ್ರೋಗ್ರಾಂ ಫೈಲ್ಸ್' ಎಂಬ ಹೆಸರಿದೆ. ಆದರೆ ವಿಂಡೋಸ್ ಎಕ್ಸ್‌ಪಿ ಮತ್ತು ಅದಕ್ಕಿಂತ ಹಿಂದಿನ ಜರ್ಮನ್ ಆವೃತ್ತಿಗಳಲ್ಲಿ ಆ ಫೋಲ್ಡರಿನ ಹೆಸರೇ ಜರ್ಮನ್ ಭಾಷೆಯಲ್ಲಿತ್ತು: 'ಪ್ರೋಗ್ರಾಮೆ'. ಸ್ಪ್ಯಾನಿಷ್ ಆವೃತ್ತಿಯಲ್ಲಿ ಸ್ಪ್ಯಾನಿಷ್ ಹೆಸರಿತ್ತು. ಇಂಗ್ಲಿಷ್ ಹೆಸರನ್ನು ಕೊರೆದಿಟ್ಟ ತಂತ್ರಾಂಶಗಳು ಅಲ್ಲಿ ಆ ಫೋಲ್ಡರನ್ನು ಕಾಣದೆ ತೊಡರುತ್ತಿದ್ದವು. ಆ ಫೋಲ್ಡರು ಎಲ್ಲಿದೆ ಎಂದು ತಿಳಿಸುವ ಒಂದು ಚರವನ್ನು ವಿಂಡೋಸ್ ತಾನೇ ಒದಗಿಸುತ್ತದೆ. ಅದನ್ನು ಕೇಳಿ ನಡೆದ ತಂತ್ರಾಂಶಗಳಿಗೆ ಯಾವ ಭಾಷೆಯಾದರೂ ತೊಡಕಾಗಲಿಲ್ಲ. ಎಲ್ಲರ ಯಂತ್ರವೂ ಇಂಗ್ಲಿಷಿನಲ್ಲಿಯೇ ಇರುತ್ತದೆ ಎಂಬ ಊಹೆಯೇ ಇಲ್ಲಿ ಹಾನಿಗೆ ಮೂಲ.

ಎರಡನೆಯದು ಯಂತ್ರಕ್ಕೆ ಸಂಬಂಧಿಸಿದ್ದು. ಮ್ಯಾಕ್ ಗಣಕಗಳಲ್ಲಿ ಮುಕ್ತ ತಂತ್ರಾಂಶಗಳನ್ನು ತಂದು ಇರಿಸಲು 'ಹೋಮ್‌ಬ್ರೂ' ಎಂಬ ಸಾಧನವಿದೆ. ಅದು ಬಹಳ ವರ್ಷಗಳ ಕಾಲ ಎಲ್ಲವನ್ನೂ 'ಯುಎಸ್‌ಆರ್, ಲೋಕಲ್' ಎಂಬಲ್ಲಿ ಇರಿಸುತ್ತಿತ್ತು. 2020ರ ಕೊನೆಯಲ್ಲಿ ಆಪಲ್ ಸಂಸ್ಥೆಯು ತನ್ನದೇ ಸಂಸ್ಕಾರಕವುಳ್ಳ ಹೊಸ ಮ್ಯಾಕ್‌ಗಳನ್ನು ತಂದಿತು. ಆ ಯಂತ್ರಗಳಿಗೆ ಹೋಮ್‌ಬ್ರೂ 'ಆಪ್ಟ್, ಹೋಮ್‌ಬ್ರೂ' ಎಂಬ ಹೊಸ ನೆಲೆಯನ್ನು ಆರಿಸಿಕೊಂಡಿತು. ಹಳೆಯ ದಾರಿಯನ್ನು ಕೊರೆದಿಟ್ಟ ಪಾಕವಿಧಾನಗಳು ಹೊಸ ಯಂತ್ರದಲ್ಲಿ ಬೇಕಾದ ಕಡತಗಳನ್ನು ಹಳೆಯ ಜಾಗದಲ್ಲಿಯೇ ಹುಡುಕಿದವು. ಅಲ್ಲಿ ಅವು ಇರಲಿಲ್ಲ. "ನಿನ್ನ ನೆಲೆ ಯಾವುದು?" ಎಂದು ಹೋಮ್‌ಬ್ರೂವನ್ನೇ ಕೇಳುವಂತೆ ಬರೆದಿದ್ದ ಪಾಕವಿಧಾನಗಳು ಯಾವ ತಿದ್ದುಪಡಿಯೂ ಇಲ್ಲದೆ ಹೊಸ ನೆಲೆಯನ್ನು ಕಂಡುಕೊಂಡವು.

6. ಮೂಟೆ ಕಟ್ಟುವ ಜಾಗ ಬೇರೆ, ಸೇರುವ ಜಾಗ ಬೇರೆ

ಇಲ್ಲಿ ಸೂಕ್ಷ್ಮವಾದ ವಿಚಾರವೊಂದಿದೆ. ನಮ್ಮ ರೈತರು ಎಲೆಕೋಸನ್ನು ಹೊಲದಲ್ಲಿಯೇ ಮೂಟೆ ಕಟ್ಟುತ್ತಾರೆ. ಮೂಟೆಯು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ದೂರದ ಮಾರುಕಟ್ಟೆಗೆ ಹೋಗುತ್ತದೆ. ಮೂಟೆಯ ಚೀಟಿಯ ಮೇಲೆ ಯಾವ ವಿಳಾಸವಿರಬೇಕು? ಕಟ್ಟಿದ ಹೊಲದ್ದಲ್ಲ, ಇಳಿಸುವ ಮಂಡಿಯದು.

ತಂತ್ರಾಂಶವನ್ನೂ ಹೀಗೆ ಮೂಟೆ ಕಟ್ಟಿ ಸಾವಿರಾರು ಯಂತ್ರಗಳಿಗೆ ಕಳುಹಿಸುತ್ತಾರೆ. ಕಟ್ಟುವಾಗ ಕಡತಗಳನ್ನು ತಾತ್ಕಾಲಿಕವಾದ ಒಂದು ಫೋಲ್ಡರಿನಲ್ಲಿ ಜೋಡಿಸಿಡಬೇಕಾಗುತ್ತದೆ. ಆದರೆ ಅನೇಕ ತಂತ್ರಾಂಶಗಳು ತಮ್ಮ ಕಡತಗಳು ಎಲ್ಲಿವೆ ಎಂಬುದನ್ನು ತಮ್ಮೊಳಗೆ ಬರೆದುಕೊಂಡಿರುತ್ತವೆ. ಮೂಟೆ ಕಟ್ಟುವ ಫೋಲ್ಡರಿನ ಹೆಸರೇ ಅಲ್ಲಿ ಸೇರಿಹೋದರೆ, ನಮ್ಮ ಮನೆಯಲ್ಲಿ ತೆರೆದಾಗಲೂ ಆ ತಂತ್ರಾಂಶ ಕಟ್ಟಿದವನ ಯಂತ್ರದ ಫೋಲ್ಡರನ್ನೇ ಹುಡುಕುತ್ತದೆ.

ಈ ತೊಡಕನ್ನು ತಪ್ಪಿಸಲು ಎರಡು ಚರಗಳನ್ನು ಇಡುತ್ತಾರೆ. 'ಪ್ರಿಫಿಕ್ಸ್' ಎಂಬುದು ಕಡೆಗೆ ಸೇರುವ ನೆಲೆ. 'ಡೆಸ್ಟ್‌ಡಿರ್' ಎಂಬುದು ಮೂಟೆ ಕಟ್ಟುವ ಜಾಗ. ಇರಿಸುವ ಸಾಲಿನಲ್ಲಿ ಮಾತ್ರ ಡೆಸ್ಟ್‌ಡಿರ್ ಮುಂದೆ ಸೇರುತ್ತದೆ. ತಂತ್ರಾಂಶದ ಒಳಗೆ ಪ್ರಿಫಿಕ್ಸ್ ಮಾತ್ರ ದಾಖಲಾಗುತ್ತದೆ. ನೋಡಲು ಎರಡೂ ಒಂದೇ ಬಗೆಯ ದಾರಿಗಳು. ಆದರೆ ಎರಡು ಬೇರೆ ಕೆಲಸಗಳಿಗೆ ಎರಡು ಬೇರೆ ಹೆಸರುಗಳು ಬೇಕು ಎಂಬುದನ್ನು ಇದರಿಂದ ಕಲಿಯಬೇಕು.

7. ಎಲ್ಲವನ್ನೂ ಚರ ಮಾಡಬೇಕೇ?

ಹಾಗಾದರೆ ಪಾಕವಿಧಾನದಲ್ಲಿ ಸ್ಥಿರವಾಗಿ ಏನನ್ನೂ ಬರೆಯಲೇಬಾರದೇ? ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದಾರೆ. ಐವತ್ತು ಖಾಲಿ ಜಾಗಗಳಿರುವ ಅರ್ಜಿಯನ್ನು ಕೊಟ್ಟರೆ ತುಂಬುವವನು ದಿಕ್ಕೆಡುತ್ತಾನೆ. ಯಾವ ಎರಡು ಚರಗಳು ಒಂದಕ್ಕೊಂದು ಹೊಂದುತ್ತವೆ, ಯಾವುವು ಹೊಂದುವುದಿಲ್ಲ ಎಂದು ಪರೀಕ್ಷಿಸುವುದೂ ದೊಡ್ಡ ಕೆಲಸವಾಗುತ್ತದೆ. ಇನ್ನೊಂದು ಅಪಾಯವೂ ಇದೆ. ಯಾವ ಫೋಲ್ಡರಿನಿಂದ ತಂತ್ರಾಂಶವನ್ನು ಎತ್ತಿಕೊಳ್ಳಬೇಕು ಎಂಬುದನ್ನು ಯಾರು ಬೇಕಾದರೂ ಬದಲಾಯಿಸಬಹುದಾದರೆ, ಕೇಡಿಗನು ಅಲ್ಲಿ ತನ್ನ ಫೋಲ್ಡರಿನ ಹೆಸರನ್ನು ತುಂಬಿಬಿಡಬಹುದು.

ಎಲ್ಲರೂ ಕೂಡಿ ಒಪ್ಪಿಕೊಂಡ, ಎಲ್ಲಿಯೂ ಬದಲಾಗದ ಸಂಗತಿಯನ್ನು ಸ್ಥಿರವಾಗಿಯೇ ಇಡಬೇಕು. ಆಂಬುಲೆನ್ಸಿಗೆ ತಮಿಳುನಾಡಿನಲ್ಲಿಯೂ ಕರ್ನಾಟಕದಲ್ಲಿಯೂ 108 ಎಂದೇ ಕರೆ ಮಾಡುತ್ತೇವೆ. ಗಡಿ ದಾಟಿದರೂ ಅದು ಬದಲಾಗದು. ಆದುದರಿಂದಲೇ ಮಕ್ಕಳು ಅದನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಕನ್ನಡ ಅಕ್ಷರಗಳ ಸಂಕೇತಗಳೂ ಇಂತಹವೇ. 1991ರಲ್ಲಿ ಪ್ರಕಟವಾದ ಯುನಿಕೋಡ್ ಪದ್ಧತಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರಕಿತು. ಅದರಲ್ಲಿ 'ಕ' ಎಂಬ ಅಕ್ಷರದ ಸಂಖ್ಯೆ ದಶಮಾನದಲ್ಲಿ 3221. ಗೆಟ್ಟವಾಡಿಯಲ್ಲಿಯೂ 3221, ಬೆಂಗಳೂರಿನಲ್ಲಿಯೂ 3221, ಅಮೆರಿಕದಲ್ಲಿಯೂ 3221. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬೇರೆಡೆಗೆ ಸರಿಸುವುದಿಲ್ಲ ಎಂಬುದು ಯುನಿಕೋಡಿನ ನಿಯಮ. ಇದಕ್ಕೂ ಹಿಂದೆ ಫಾಂಟ್ ತಯಾರಿಸಿದವರು ತಮತಮಗೆ ಬೇಕಾದ ಸಂಖ್ಯೆಗಳನ್ನು ಕೊಟ್ಟುಕೊಂಡಿದ್ದರು. ಒಂದು ಫಾಂಟಿನಲ್ಲಿ ಬರೆದ ಕನ್ನಡ ಪತ್ರವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದಂತೆ ಕಾಣುತ್ತಿದ್ದವು. ಹಳೆಯ ಕಡತಗಳನ್ನು ತೆರೆದರೆ ಇಂದಿಗೂ ಹೀಗಾಗುವುದುಂಟು. ಅಲ್ಲಿ ಸ್ಥಿರವಾಗಿರಬೇಕಾದ ಅಕ್ಷರಸಂಖ್ಯೆ ಫಾಂಟಿನಿಂದ ಫಾಂಟಿಗೆ ಬದಲಾಗುತ್ತಿತ್ತು. ಆರಿಸಿಕೊಳ್ಳಲು ಬಿಡಬೇಕಾಗಿದ್ದ ಫಾಂಟ್ ಒಂದಕ್ಕೇ ಅಂಟಿಕೊಂಡಿತ್ತು. ಯುನಿಕೋಡ್ ಬಂದ ಮೇಲೆ ಇದು ಸರಿಹೋಯಿತು: ಅಕ್ಷರದ ಸಂಖ್ಯೆ ಸ್ಥಿರ, ಫಾಂಟ್ ನಮ್ಮ ಇಷ್ಟ.

ಆದುದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಇದು ಎಲ್ಲರಿಗೂ ಒಂದೇ ಏನು, ಅಥವಾ ನನಗೆ ಮಾತ್ರ ಹೀಗೆಯೇ?

8. ಕನ್ನಡದ ರಾಜ್ಯ ಯಾವುದು?

ಇಲ್ಲಿಯವರೆಗೆ ಹೇಳಿದುದನ್ನು ನಮ್ಮ ಬದುಕಿಗೆ ಅನ್ವಯಿಸಿ ನೋಡೋಣ. ಕನ್ನಡಿಗರಿಗಾಗಿ ಒಂದು ತಂತ್ರಾಂಶವನ್ನು ಯಾರೋ ತಯಾರಿಸುತ್ತಾರೆ ಎಂದುಕೊಳ್ಳಿರಿ. ವಿದ್ಯಾರ್ಥಿ ಹೆಸರು ನೋಂದಾಯಿಸಬೇಕು. ಭಾಷೆ ಕನ್ನಡ ಎಂದು ಆರಿಸಿದೊಡನೆ ರಾಜ್ಯದ ಜಾಗದಲ್ಲಿ 'ಕರ್ನಾಟಕ' ಎಂದು ತಾನಾಗಿಯೇ ಬರುತ್ತದೆ; ಬದಲಾಯಿಸಲು ಬರುವುದಿಲ್ಲ. ಜಿಲ್ಲೆಯ ಪಟ್ಟಿಯಲ್ಲಿ ಈರೋಡ್ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದುವ ಗೆಟ್ಟವಾಡಿಯ ಹುಡುಗಿ ಏನು ಮಾಡಬೇಕು? ಸುಳ್ಳು ವಿಳಾಸ ತುಂಬಬೇಕು, ಇಲ್ಲವೇ ಕನ್ನಡವನ್ನು ಬಿಟ್ಟು ಬೇರೆ ಭಾಷೆಯನ್ನು ಆರಿಸಬೇಕು. ಕಾಸರಗೋಡಿನ, ಹೊಸೂರಿನ, ಸೊಲ್ಲಾಪುರದ ಕನ್ನಡದ ಮಕ್ಕಳಿಗೂ ಇದೇ ಗತಿ.

ತಯಾರಿಸಿದವನಿಗೆ ದುರುದ್ದೇಶವಿರುವುದಿಲ್ಲ. ಅವನು ಕಂಡ ಕನ್ನಡಿಗರೆಲ್ಲರೂ ಕರ್ನಾಟಕದವರು. ಹಾಗಾಗಿ ಅದನ್ನೇ ಕೊರೆದಿಟ್ಟನು. ಕಮಲ ತನ್ನ ಫೋಲ್ಡರನ್ನು ಕೊರೆದಿಟ್ಟದ್ದೂ ಹೀಗೆಯೇ. 'ಕರ್ನಾಟಕ' ಎಂಬುದನ್ನು 'ಬೇರೆ ಹೇಳದಿದ್ದರೆ' ಎಂಬ ಬೆಲೆಯಾಗಿ ಇಟ್ಟು, ಬದಲಾಯಿಸಲು ಅವಕಾಶ ಕೊಟ್ಟಿದ್ದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ಸಂತೋಷದ ಸಂಗತಿಯೆಂದರೆ, ಗಣಕಯಂತ್ರದ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಈ ವಿಷಯ ಸರಿಯಾಗಿದೆ. ಯಂತ್ರಕ್ಕೆ ನಮ್ಮ ಭಾಷೆಯನ್ನು ತಿಳಿಸುವಾಗ 'ಕೆಎನ್' ಎಂದು ಭಾಷೆಯನ್ನೂ 'ಐಎನ್' ಎಂದು ದೇಶವನ್ನೂ ಹೇಳುತ್ತಾರೆ. ಕನ್ನಡ, ಭಾರತ. ಅಷ್ಟೇ. ಅಲ್ಲಿ ರಾಜ್ಯದ ಮಾತೇ ಇಲ್ಲ. ಭಾಷೆ ಒಂದು ಚರ, ಊರು ಇನ್ನೊಂದು ಚರ. ಒಂದರ ಬೆಲೆಯಿಂದ ಇನ್ನೊಂದನ್ನು ಊಹಿಸಬಾರದು.

ಉಪಸಂಹಾರ

ನಿಮ್ಮಲ್ಲಿ ಕೆಲವರು ಮುಂದೆ ತಂತ್ರಾಂಶ ಬರೆಯುವವರಾಗಬಹುದು. ಹಲವರು ಅರ್ಜಿ ನಮೂನೆ ಸಿದ್ಧಪಡಿಸುವ ಗುಮಾಸ್ತರೋ ಅಧ್ಯಾಪಕರೋ ವ್ಯಾಪಾರಿಗಳೋ ಆಗಬಹುದು. ಯಾವ ಕೆಲಸದಲ್ಲಿದ್ದರೂ ಬರೆದುದನ್ನು ಮುಗಿಸುವ ಮೊದಲು ಒಮ್ಮೆ ಓದಿ ನೋಡಿರಿ. ನಿಮ್ಮ ಮನೆಯಲ್ಲಿ ಮಾತ್ರ ನಿಜವಾದ ಸಂಗತಿಯನ್ನು ಎಲ್ಲರಿಗೂ ನಿಜವೆಂಬಂತೆ ಬರೆದಿದ್ದೀರಾ? ಇದ್ದರೆ ಅದಕ್ಕೊಂದು ಹೆಸರು ಕೊಡಿರಿ, ಮೇಲೆ ಒಂದೇ ಕಡೆ ಬರೆಯಿರಿ, ಬಹುಜನರಿಗೆ ಒಪ್ಪುವ ಬೆಲೆಯನ್ನು ಇಡಿರಿ, ಬದಲಾಯಿಸುವವರಿಗೆ ಬಾಗಿಲು ತೆರೆದಿಡಿರಿ. ಎಲ್ಲರಿಗೂ ಸಮಾನವಾದುದನ್ನು ಮಾತ್ರ ಸ್ಥಿರವಾಗಿ ಬರೆಯಿರಿ.

ಪೋಷಕರಲ್ಲಿ ಒಂದು ವಿನಂತಿ. ಮನೆಯಲ್ಲಿರುವ ಪತ್ರಗಳಲ್ಲಿ ಹಳೆಯ ಜಿಲ್ಲೆ, ಹಳೆಯ ತಾಲ್ಲೂಕಿನ ಹೆಸರುಗಳಿದ್ದರೆ ಅವುಗಳನ್ನು ನೀವೇ ಹೊಡೆದುಹಾಕಿ ತಿದ್ದಬೇಡಿರಿ. ಅವು ಆ ಕಾಲಕ್ಕೆ ಸರಿಯಾದ ದಾಖಲೆಗಳು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಹೆಸರು ಯಾವ ಕಾಲದ್ದು ಎಂದು ವಿವರಿಸಿರಿ. ಈ ಪಾಠದ ಅರ್ಧ ಅಲ್ಲಿಯೇ ಅವರಿಗೆ ಮನದಟ್ಟಾಗುತ್ತದೆ.

ಅಭ್ಯಾಸ

1. 'ಕೊರೆದಿಟ್ಟ ದಾರಿ' ಎಂದರೇನು? ನಿಮ್ಮ ದಿನನಿತ್ಯದ ಜೀವನದಿಂದ ಒಂದು ಉದಾಹರಣೆ ಕೊಡಿರಿ.
2. ಕಮಲಳ ಪಾಕವಿಧಾನದ ಎರಡು ರೂಪಗಳನ್ನು ಹೋಲಿಸಿರಿ. 'ಬೇರೆ ಹೇಳದಿದ್ದರೆ' ಎಂಬ ಮಾತನ್ನು ತೆಗೆದುಹಾಕಿದರೆ ಏನಾಗುತ್ತದೆ?
3. ಮೂಟೆ ಕಟ್ಟುವ ಜಾಗಕ್ಕೂ ಸೇರುವ ಜಾಗಕ್ಕೂ ಬೇರೆ ಬೇರೆ ಹೆಸರುಗಳು ಏಕೆ ಬೇಕು?
4. ಇವುಗಳಲ್ಲಿ ಯಾವುವನ್ನು ಸ್ಥಿರವಾಗಿ ಇಡುವಿರಿ, ಯಾವುವನ್ನು ಚರವಾಗಿ ಇಡುವಿರಿ? ಕಾರಣ ಬರೆಯಿರಿ: ಒಂದು ವಾರದ ದಿನಗಳ ಸಂಖ್ಯೆ, ಶಾಲೆಯ ಮುಖ್ಯೋಪಾಧ್ಯಾಯರ ಹೆಸರು, 'ಕ' ಅಕ್ಷರದ ಯುನಿಕೋಡ್ ಸಂಖ್ಯೆ, ವಿದ್ಯಾರ್ಥಿಯ ಮಾತೃಭಾಷೆ, ಜಿಲ್ಲೆಯ ಹೆಸರು.
5. ಶಾಲೆಯ ರಜೆ ಕೋರುವ ಪತ್ರದ ಒಂದು ನಮೂನೆಯನ್ನು ಯಾವ ಊರಿನ ಯಾವ ವಿದ್ಯಾರ್ಥಿಯಾದರೂ ಬಳಸುವಂತೆ ಬರೆಯಿರಿ. ಎಷ್ಟು ಖಾಲಿ ಜಾಗಗಳು ಬೇಕಾದವು ಎಂದು ಎಣಿಸಿರಿ. ಅವುಗಳಲ್ಲಿ ಒಂದನ್ನಾದರೂ ಕಡಿಮೆ ಮಾಡಲು ಸಾಧ್ಯವೇ?